ಆರಿದ್ರಾ ಸೊರಗಿದ ಚಳಿಗಾಲ

೨೦೨೦ರ ಜನವರಿ ತಿಂಗಳ ಒಂದು ರಾತ್ರಿ. ಸುರಪುರದಿಂದ ಒಂದು ಹರದಾರಿ ದೂರದ ಹೊಲವೊಂದರಲ್ಲಿ ನಾಲ್ಕಾರು ಮಂದಿ ಸೀತನಿ ತಿನ್ನಲು ಸೇರಿದ್ದೆವು. ಎಳೆಜೋಳದ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಕಾಳು ಉದುರಿಸಿ, ಶೇಂಗಾ ಹಿಂಡಿಯೊಡನೆ ನಮಗೆ ಕೊಡುತ್ತಿದ್ದವನು ಆ ಹೊಲದ ಯಜಮಾನ. ಎಂಬತ್ತರ ಅಂಚಿನ ಮುದುಕ. ಓದು ಬರಹ ಕಲಿತವನಲ್ಲ. ಬೆಳೆಯ ಕಾವಲಿಗೆಂದು ಅರುವತ್ತು ಚಳಿಗಾಲಗಳನ್ನು ಬಯಲಿನಲ್ಲಿಯೇ ಮಲಗಿ ಕಳೆದವನು. ಮಾತಿನ ನಡುವೆ ಅವನು ತಲೆಯೆತ್ತಿ ಆಕಾಶವನ್ನು ನೋಡಿ ಹೇಳಿದ:

"ಮಾಸ್ತರ್ರ, ಆರಿದ್ರಾ ಈ ಸಲ ಸೊರಗ್ಯಾದ ನೋಡ್ರಿ. ರೋಹಿಣಿಗಿಂತ ಸಣ್ಣದಾಗ್ಯಾದ."

ನಾನು ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾದವನು. ಬಾಯಿಗೆ ಬಂದ ಉತ್ತರ ಕೊಟ್ಟೆ: "ಮಂಜು ಬಿದ್ದದ ಮುತ್ಯಾ, ಅದಕ್ಕ ಹಂಗ ಕಾಣಸ್ತದ. ಚುಕ್ಕಿ ಎಲ್ಲ್ಯಾರ ಸೊರಗ್ತಾವೇನು?"

ಮುದುಕ ನಗಲಿಲ್ಲ. "ಮಂಜು ಬಿದ್ದರ ರೋಹಿಣಿಗೂ ಬೀಳಬೇಕಲ್ರಿ" ಎಂದ. ತುಸು ಹೊತ್ತಿನ ಮೇಲೆ, ತನಗೆ ತಾನೇ ಎಂಬಂತೆ, "ದೀಪಾವಳಿಗೆ ಮೊದಲ ಹಿಂಗ ಇರಲಿಲ್ಲ" ಎಂದು ಸೇರಿಸಿದ. ಜೊತೆಯಲ್ಲಿದ್ದವರು ಬೇರೆ ಮಾತಿಗೆ ಹೊರಳಿದರು. ನಾನೂ ಹೊರಳಿದೆ.

ಕೆಲವು ವಾರಗಳ ತರುವಾಯ ಪತ್ರಿಕೆಯಲ್ಲಿ ಸುದ್ದಿಯನ್ನು ಓದಿದಾಗ ನನಗೆ ಆದ ನಾಚಿಕೆಯನ್ನು ಹೇಳಲಾರೆ. ಪಾಶ್ಚಾತ್ಯರು ಬೀಟಲ್‌ಜ್ಯೂಸ್ ಎಂದು ಕರೆಯುವ ನಮ್ಮ ಆರ್ದ್ರಾ ನಕ್ಷತ್ರ ೨೦೧೯ರ ಕೊನೆಯ ತಿಂಗಳುಗಳಿಂದ ಮಂಕಾಗುತ್ತ ಬಂದಿತ್ತು. ಅಮೆರಿಕದ ಖಗೋಲವಿಜ್ಞಾನಿಗಳು ಡಿಸೆಂಬರಿನಲ್ಲಿ ಅದನ್ನು ಲೋಕಕ್ಕೆ ಸಾರಿದ್ದರು. ೨೦೨೦ರ ಫೆಬ್ರವರಿಯ ವೇಳೆಗೆ ಅದರ ಬೆಳಕು ಎಂದಿನ ಬೆಳಕಿನ ಮೂರರಲ್ಲೊಂದು ಪಾಲಿನಷ್ಟಕ್ಕೆ ಇಳಿದಿತ್ತು. ನಕ್ಷತ್ರ ತನ್ನ ಮೈಯಿಂದ ಹೊರಚೆಲ್ಲಿದ ಅನಿಲವು ತಣಿದು ಧೂಳಾಗಿ ಅದರ ಮುಖದ ಒಂದು ಭಾಗವನ್ನು ಮರೆಮಾಡಿತ್ತೆಂದು ಅನಂತರದ ಅಧ್ಯಯನಗಳು ತಿಳಿಸಿದವು. ದೀಪಾವಳಿಗೆ ಮೊದಲು ಹೀಗಿರಲಿಲ್ಲವೆಂಬ ಮುದುಕನ ಲೆಕ್ಕವೂ ಸರಿಯಾಗಿಯೇ ಇತ್ತು.

ನಮ್ಮ ರೈತರೆಲ್ಲರಿಗೂ ಆರಿದ್ರಾ ಮಳೆ ಗೊತ್ತು. ಆರಿದ್ರಾ ನಕ್ಷತ್ರ ಬಲ್ಲವರು ವಿರಳ. ಸೂರ್ಯ ಆ ನಕ್ಷತ್ರದ ಬಳಿಯಿರುವಾಗ ಸುರಿಯುವ ಮಳೆಗೆ ಅದರ ಹೆಸರು. ಹಾಗಾಗಿ ಮಳೆ ಬರುವ ಜೂನ್ ಕೊನೆಯಲ್ಲಿ ನಕ್ಷತ್ರ ಹಗಲಿನ ಬೆಳಕಿನಲ್ಲಿ ಅಡಗಿರುತ್ತದೆ. ಅದು ಮೆರೆಯುವುದು ಜೋಳ ತೆನೆಗಟ್ಟುವ ಚಳಿಗಾಲದ ರಾತ್ರಿಗಳಲ್ಲಿ. ಹೊಲದಲ್ಲಿ ಮಲಗಿದವನಿಗೆ ಮಾತ್ರ ಅದರ ಮುಖಪರಿಚಯ. ಪಂಚಾಂಗದಿಂದ ಕಲಿತ ನನಗೆ ಹೆಸರು ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಹೋಗಿ ಮುದುಕನಿಗೆ "ನೀನು ಹೇಳಿದ್ದೇ ಸರಿ" ಎನ್ನಬೇಕೆಂದುಕೊಂಡೆ. ಮಾರ್ಚಿನಲ್ಲಿ ಸಾಂಕ್ರಾಮಿಕದ ಭಯದಿಂದ ಊರೂರ ದಾರಿಗಳು ಮುಚ್ಚಿದವು. ಮರುವರ್ಷ ದಾರಿ ತೆರೆಯುವ ವೇಳೆಗೆ ಮುದುಕ ಇರಲಿಲ್ಲ. ಅವನಿಗೆ ಹೇಳಬೇಕಾಗಿದ್ದುದನ್ನು ಇಂದು ತಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ.

ಕಾಲದಿಂದ ಕಾಲಕ್ಕೆ ಬೆಳಕು ಹೆಚ್ಚು ಕಡಿಮೆಯಾಗುವ ಇಂಥ ನಕ್ಷತ್ರಗಳನ್ನು ಚಂಚಲ ತಾರೆಗಳೆಂದು ಕರೆಯೋಣ. ನಕ್ಷತ್ರ ಎಂದರೇ ಅಚಲವಾದದ್ದು ಎಂಬ ನಂಬಿಕೆ ಬಲವಾಗಿದ್ದುದರಿಂದ ಮನುಷ್ಯನ ಕಣ್ಣು ಈ ಚಾಂಚಲ್ಯವನ್ನು ಬಹುಕಾಲ ಒಪ್ಪಲಿಲ್ಲ. ಯುರೋಪಿನಲ್ಲಿ ೧೫೯೬ರಲ್ಲಿ ಡೇವಿಡ್ ಫಾಬ್ರೀಷಿಯಸ್ ಎಂಬ ಪಾದ್ರಿ ತಿಮಿಂಗಿಲ ರಾಶಿಯಲ್ಲಿ ಕಂಡ ನಕ್ಷತ್ರವೊಂದು ಮರೆಯಾಯಿತು; ಅದು ಹನ್ನೊಂದು ತಿಂಗಳಿಗೊಮ್ಮೆ ಬೆಳಗಿ ಆರುವುದೆಂದು ತಿಳಿಯುವುದಕ್ಕೆ ನಾಲ್ಕು ದಶಕಗಳೇ ಹಿಡಿದವು. ೧೭೮೨ರಲ್ಲಿ ಇಂಗ್ಲೆಂಡಿನ ಜಾನ್ ಗುಡ್ರಿಕ್ ಎಂಬ ಕಿವುಡ ತರುಣ, ಆಲ್ಗಾಲ್ ತಾರೆ ಮೂರು ದಿನಕ್ಕೆ ತುಸು ಕಡಿಮೆ ಅವಧಿಗೊಮ್ಮೆ ಮಂಕಾಗುವುದನ್ನು ಗಮನಿಸಿ, ಏನೋ ಒಂದು ಅದನ್ನು ಮರೆಮಾಡುತ್ತಿರಬೇಕೆಂದು ಊಹಿಸಿದ. ಇಪ್ಪತ್ತೊಂದನೆಯ ವಯಸ್ಸಿಗೇ ತೀರಿಕೊಂಡ ಆ ಹುಡುಗನ ಊಹೆ ನೂರು ವರ್ಷದ ಮೇಲೆ ನಿಜವಾಯಿತು: ಆಲ್ಗಾಲ್‌ಗೆ ಮಂಕಾದ ಜೊತೆಗಾತಿಯೊಂದಿದೆ.

ನಮ್ಮ ಸೀಮೆಯಲ್ಲಿ ಆಕಾಶವನ್ನು ನೋಡಿದವರ ಗುರುತು ಇವೆಲ್ಲಕ್ಕಿಂತ ಹಳೆಯದು. ಶಹಾಪುರದ ಬಳಿಯ ವಿಭೂತಿಹಳ್ಳಿಯ ಬಯಲಿನಲ್ಲಿ ಬೃಹತ್ ಶಿಲಾಯುಗದ ಜನ ಉರುಟು ಬಂಡೆಗಳನ್ನು ಸಾಲುಸಾಲಾಗಿ ಹೂಡಿಟ್ಟಿದ್ದಾರೆ. ಕೃಷ್ಣೆಯ ದಡಕ್ಕೆ ಸಮೀಪದ ಹಣಮಸಾಗರದಲ್ಲಿ ಅಂಥದೇ ಚೌಕವೊಂದು ಪಕ್ಕಕ್ಕೆ ಸುಮಾರು ೬೦೦ ಮೀಟರ್ ಹರಡಿದೆ. ೧೮೪೧ರಿಂದ ೧೮೫೩ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಸಾಹೇಬ ಈ ಸೀಮೆಯ ಪುರಾತನ ಕಲ್ಲುಗೋರಿಗಳನ್ನು ಅಗೆದು ನೋಡಿ ವಿದ್ವಾಂಸರಿಗೆ ಮೊದಲು ಪರಿಚಯಿಸಿದ. ೧೯೫೬ರಲ್ಲಿ ಆಲ್ಚಿನ್ ಎಂಬ ಪುರಾತತ್ವಜ್ಞ ದಕ್ಷಿಣ ಹೈದರಾಬಾದಿನ ಕಲ್ಲುಸಾಲುಗಳ ಬಗ್ಗೆ ಲೇಖನ ಬರೆದ. ಆ ಸಾಲುಗಳು ಉತ್ತರಾಯಣ ದಕ್ಷಿಣಾಯನಗಳ ತಿರುವಿನ ದಿನ ಸೂರ್ಯ ಹುಟ್ಟಿ ಮುಳುಗುವ ದಿಕ್ಕುಗಳನ್ನು ತೋರಿಸುತ್ತವೆ ಎಂದು ವಾದಿಸಿದವರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್. ಈ ಕಲ್ಲುಗಳ ನಡುವೆ ಅಳತೆಪಟ್ಟಿ ಹಿಡಿದ ಅವರ ಮುಖ್ಯ ಅಧ್ಯಯನ ಚಂಚಲ ತಾರೆಗಳದ್ದು. ಇದ್ದಕ್ಕಿದ್ದಂತೆ ತಮ್ಮದೇ ಮಸಿಯಲ್ಲಿ ಮುಚ್ಚಿಹೋಗಿ ಮಂಕಾಗುವ ಒಂದು ಬಗೆಯ ನಕ್ಷತ್ರಗಳಿವೆ. ಅವುಗಳನ್ನು ಕುರಿತು ದುಡಿದವರಲ್ಲಿ ಅವರು ಹೆಸರಾದವರು.

ಕಲ್ಲುಸಾಲು ಸೂರ್ಯನಿಗೆ ಸಾಕು. ಸೂರ್ಯ ವರ್ಷ ವರ್ಷವೂ ಹೇಳಿದ ಜಾಗಕ್ಕೇ ಬರುತ್ತಾನೆ. ಚಂಚಲ ತಾರೆಯನ್ನು ಹಿಡಿಯಲು ಬೇರೆಯೇ ಬಗೆಯ ದಫ್ತರ ಬೇಕು. ಟೇಲರ್ ಸುರಪುರದಲ್ಲಿದ್ದ ಕಾಲದ ಒಂದು ಉದಾಹರಣೆ ಹೇಳುತ್ತೇನೆ. ೧೮೪೩ರ ಮಾರ್ಚ್ ತಿಂಗಳಲ್ಲಿ, ದಕ್ಷಿಣ ದಿಗಂತದಿಂದ ಹದಿಮೂರು ಹದಿನಾಲ್ಕು ಡಿಗ್ರಿ ಎತ್ತರದಲ್ಲಿ, ಈಟಾ ಕರೈನೀ ಎಂಬ ನಕ್ಷತ್ರ ಉಜ್ಜ್ವಲವಾಗಿ ಬೆಳಗಿ, ಲುಬ್ಧಕವೊಂದನ್ನು ಬಿಟ್ಟರೆ ಆಕಾಶದ ನಕ್ಷತ್ರಗಳಲ್ಲೆಲ್ಲ ದೊಡ್ಡದಾಗಿತ್ತು. ಮಧ್ಯರಾತ್ರಿಗೆ ಮೊದಲು ಸುರಪುರದ ಗುಡ್ಡವನ್ನೇರಿ ದಕ್ಷಿಣಕ್ಕೆ ಮುಖಮಾಡಿದ ಯಾರ ಕಣ್ಣಿಗಾದರೂ ಅದು ಬೀಳಬೇಕು. ಮುಂದಿನ ಎರಡು ದಶಕಗಳಲ್ಲಿ ಅದು ಬರಿಗಣ್ಣಿಗೆ ಕಾಣುವ ಅಂಚಿನಾಚೆಗೆ ಜಾರಿತು. ಜಗತ್ತಿಗೆ ಈ ವಿಷಯ ತಿಳಿದಿರುವುದು ಆಫ್ರಿಕದ ಗುಡ್‌ಹೋಪ್ ಭೂಶಿರದಲ್ಲಿಯೂ ಇತರೆಡೆಗಳಲ್ಲಿಯೂ ಕೆಲವರು ದಿನಾಂಕ ಹಾಕಿ ಬರೆದಿಟ್ಟುದರಿಂದ.

ದಕ್ಷಿಣ ಭಾರತದಲ್ಲಿ ಹಾಗೆ ಬರೆದಿಡುವ ಕೆಲಸ ನಡೆದದ್ದು ಮದರಾಸಿನ ವೇಧಶಾಲೆಯಲ್ಲಿ. ೧೮೬೩ರ ಮೇ ತಿಂಗಳಲ್ಲಿ ಅದರ ಮುಖ್ಯಸ್ಥನಾಗಿದ್ದ ನಾರ್ಮನ್ ಪಾಗ್ಸನ್ ವೃಶ್ಚಿಕ ರಾಶಿಯಲ್ಲಿ, ಅನೂರಾಧೆಯ ತಾರೆಗಳಿಂದ ಅನತಿ ದೂರದಲ್ಲಿ, ಮೊದಲಿಲ್ಲದ ಒಂದು ಚುಕ್ಕೆಯನ್ನು ಕಂಡ. ಕೆಲವೇ ದಿನಗಳಲ್ಲಿ ಅದು ಮಾಯವಾಯಿತು. ಇದಕ್ಕೆ ಯು ಸ್ಕಾರ್ಪಿ ಎಂದು ಹೆಸರು. ಈ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. ನಕ್ಷತ್ರಗಳ ಕಾಂತಿಯನ್ನು ವರ್ಗಗಳಾಗಿ ಎಣಿಸುವಾಗ ಐದು ವರ್ಗಗಳ ಅಂತರವೆಂದರೆ ಸರಿಯಾಗಿ ನೂರುಪಟ್ಟು ಎಂಬ ಅಳತೆಗೋಲನ್ನು ೧೮೫೬ರಲ್ಲಿ ಸೂಚಿಸಿದವನೂ ಈತನೇ. ಲೋಕವೆಲ್ಲ ಇಂದಿಗೂ ಅದನ್ನೇ ಬಳಸುತ್ತಿದೆ.

ಪಾಗ್ಸನ್ನನ ಸಹಾಯಕ ಚಿಂತಾಮಣಿ ರಘುನಾಥಾಚಾರಿ ೧೮೬೭ರಲ್ಲಿ ಆರ್ ರೆಟಿಕ್ಯುಲೈ ಎಂಬ ಚಂಚಲ ತಾರೆಯನ್ನು ಕಂಡುಹಿಡಿದ. ದೂರದರ್ಶಕದಿಂದ ಇಂಥ ಶೋಧ ಮಾಡಿದ ಮೊದಲ ಭಾರತೀಯನೆಂದು ಅವನ ಹೆಸರು ಚರಿತ್ರೆಯಲ್ಲಿ ಸೇರಿದೆ. ೧೮೭೪ರ ಶುಕ್ರ ಸಂಕ್ರಮಣವನ್ನು ಜನಸಾಮಾನ್ಯರಿಗೆ ತಿಳಿಸಲು ಆತ ಬರೆದ ಕಿರುಹೊತ್ತಗೆ ಕನ್ನಡದಲ್ಲಿಯೂ ಹೊರಬಂದಿತೆಂಬುದನ್ನು ಕನ್ನಡಿಗರಾದ ನಾವು ಮರೆಯಬಾರದು.

ಇನ್ನು ಹೈದರಾಬಾದಿಗೆ ಬರೋಣ. ೧೮೫೮ರ ಬಂಡಾಯದ ಬಳಿಕ ಸುರಪುರ ಸಂಸ್ಥಾನವು ನಿಜಾಮನ ರಾಜ್ಯಕ್ಕೆ ಸೇರಿತು. ಯಾದಗಿರಿ, ಶಹಾಪುರ, ಸುರಪುರಗಳು ೧೯೪೮ರವರೆಗೆ ನಿಜಾಮಶಾಹಿಯ ಆಡಳಿತದಲ್ಲಿಯೂ, ೧೯೫೬ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೂ ಇದ್ದವು. ನಮ್ಮ ಹಿರಿಯರಿಗೆ ಹೈದರಾಬಾದ್ ಎಂದರೆ ಕಂದಾಯ ಕೊಂಡೊಯ್ಯುವ ಊರು, ಕೋರ್ಟಿನ ಊರು. ಅದೇ ಊರಿನಲ್ಲಿ ಜಾಫರ್ ಜಂಗ್ ಎಂಬ ನವಾಬನೊಬ್ಬ, ಇಂಗ್ಲೆಂಡಿನಲ್ಲಿ ಓದಿ ಬಂದವನು, ೧೯೦೧ರಲ್ಲಿ ಸ್ವಂತ ಖರ್ಚಿನಲ್ಲಿ ವೇಧಶಾಲೆಯೊಂದಕ್ಕೆ ಅಡಿಪಾಯ ಹಾಕಿ, ದೊರೆಯ ಹೆಸರಿನಿಂದ ಅದನ್ನು ನಿಜಾಮಿಯಾ ಎಂದು ಕರೆದ. ಡಬ್ಲಿನ್ನಿನ ಗ್ರಬ್ ಕಂಪೆನಿಯ ಹದಿನೈದು ಅಂಗುಲದ ದೂರದರ್ಶಕವನ್ನೂ, ಆಕಾಶದ ಛಾಯಾಚಿತ್ರ ತೆಗೆಯಲು ಎಂಟು ಅಂಗುಲದ ಕುಕ್ ದೂರದರ್ಶಕವನ್ನೂ ಅದಕ್ಕೆ ಒದಗಿಸಿದ. ಅವನು ೧೯೦೭ರಲ್ಲಿ ತೀರಿಕೊಂಡ ಮೇಲೆ ನಿಜಾಮ ಸರಕಾರ ಅದನ್ನು ವಹಿಸಿಕೊಂಡಿತು. ವೇಧಶಾಲೆ ಬೇಗಂಪೇಟೆಗೆ ಹೋಯಿತು; ೧೯೧೯ರಿಂದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿತು.

ಆಗ ಜಗತ್ತಿನಲ್ಲಿ ಒಂದು ಮಹಾ ಕಾರ್ಯ ನಡೆದಿತ್ತು. ೧೮೮೭ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಖಗೋಲಜ್ಞರು ಇಡೀ ಆಕಾಶವನ್ನು ಛಾಯಾಫಲಕಗಳ ಮೇಲೆ ಇಳಿಸಿ, ಹನ್ನೊಂದನೆಯ ವರ್ಗದವರೆಗಿನ ನಕ್ಷತ್ರಗಳನ್ನೆಲ್ಲ ಪಟ್ಟಿಮಾಡುವುದೆಂದು ನಿಶ್ಚಯಿಸಿದರು. ಬರಿಗಣ್ಣಿಗೆ ಕಾಣುವ ಅತಿ ಮಂಕು ನಕ್ಷತ್ರಕ್ಕಿಂತ ನೂರು ಪಟ್ಟು ಮಂಕಾದವುಗಳವರೆಗೆ ಎಂದು ಇದರ ಅರ್ಥ. ಸುಮಾರು ಇಪ್ಪತ್ತು ವೇಧಶಾಲೆಗಳು ಆಕಾಶವನ್ನು ಪಟ್ಟಿಪಟ್ಟಿಯಾಗಿ ಹಂಚಿಕೊಂಡವು. ಚಿಲಿ ದೇಶದ ಸಾಂಟಿಯಾಗೊ ಮಾಡಲಾರದೆ ಬಿಟ್ಟ ಪಟ್ಟಿ ಹೈದರಾಬಾದಿನ ಪಾಲಿಗೆ ಬಂತು: ವಿಷುವದ್ವೃತ್ತದಿಂದ ದಕ್ಷಿಣಕ್ಕೆ ೧೭ರಿಂದ ೨೩ ಡಿಗ್ರಿಗಳವರೆಗೆ. ಮುಂದೆ ಉತ್ತರದ ೩೬ರಿಂದ ೩೯ ಡಿಗ್ರಿಗಳ ಪಟ್ಟಿಯೂ ಬಂತು. ಮೊದಲನೆಯ ಪಟ್ಟಿ ಎಲ್ಲಿದೆಯೆಂದು ತಾವು ನೋಡಬಯಸಿದರೆ ಸುರಪುರದಲ್ಲಿಯೋ ಯಾದಗಿರಿಯ ಕೋಟೆಯ ಮೇಲೆಯೋ ದಕ್ಷಿಣಕ್ಕೆ ಮುಖಮಾಡಿ ನಿಲ್ಲಿ. ದಿಗಂತಕ್ಕೂ ನಡುನೆತ್ತಿಗೂ ಮಧ್ಯದ ಅರ್ಧ ದಾರಿಯ ತುಸು ಮೇಲೆ ಅದು ಹಾದುಹೋಗುತ್ತದೆ.

ಕೆಲಸ ೧೯೧೪ರ ಸುಮಾರಿಗೆ ಪೋಕಾಕ್ ಎಂಬ ಆಂಗ್ಲ ನಿರ್ದೇಶಕನ ಕೈಕೆಳಗೆ ಭರದಿಂದ ಸಾಗಿತು. ೧೯೧೮ರಲ್ಲಿ ಆತ ತೀರಿಕೊಂಡಾಗ ಟಿ. ಪಿ. ಭಾಸ್ಕರನ್ ಹೊಣೆ ಹೊತ್ತು ೧೯೪೪ರವರೆಗೆ ನಡೆಸಿದರು. ಗಾಜಿನ ಫಲಕಕ್ಕೆ ಬೆಳಕು ಗ್ರಹಿಸುವ ಲೇಪ. ಅದನ್ನು ದೂರದರ್ಶಕದ ಹಿಂದಿಟ್ಟು, ಭೂಮಿ ತಿರುಗುವುದಕ್ಕೆ ಸರಿಯಾಗಿ ದೂರದರ್ಶಕವನ್ನು ತಿರುಗಿಸುತ್ತ, ನಿಮಿಷಗಟ್ಟಲೆ ಕಾಯಬೇಕು. ಒಂದು ಫಲಕದಲ್ಲಿ ಅಡಗುವುದು ಎರಡು ಡಿಗ್ರಿ ಚದರದ ಆಕಾಶ, ಅಂದರೆ ನಾಲ್ಕು ಚಂದ್ರಬಿಂಬಗಳನ್ನು ಒಂದರ ಪಕ್ಕ ಒಂದು ಇಟ್ಟಷ್ಟು ಅಗಲ. ತೊಳೆದ ಫಲಕದ ಮೇಲೆ ಬಿಳಿಯ ಆಕಾಶದಲ್ಲಿ ಕರಿಯ ನಕ್ಷತ್ರಗಳು ಮೂಡುತ್ತವೆ. ಹಗಲೆಲ್ಲ ಸೂಕ್ಷ್ಮದರ್ಶಕದಲ್ಲಿ ಒಂದೊಂದರ ಸ್ಥಾನವನ್ನೂ ಅಳೆದು ಅಂಕಿ ಬರೆಯಬೇಕು. ಹೀಗೆ ಲಕ್ಷಾಂತರ ನಕ್ಷತ್ರಗಳು ಹೈದರಾಬಾದಿನ ಹನ್ನೆರಡು ಸಂಪುಟಗಳಲ್ಲಿ ಸೇರಿದವು. ಕೊನೆಯದು ಅಚ್ಚಾಗುವ ವೇಳೆಗೆ ನಿಜಾಮಶಾಹಿಯ ದಿನಗಳೂ ಮುಗಿಯುತ್ತ ಬಂದಿದ್ದವು.

ಪಾಗ್ಸನ್ ಕಂಡಿದ್ದ ಯು ಸ್ಕಾರ್ಪಿ ಈ ಪಟ್ಟಿಯೊಳಗೇ ಇದೆ, ವಿಷುವದ್ವೃತ್ತದಿಂದ ದಕ್ಷಿಣಕ್ಕೆ ಹದಿನೆಂಟು ಡಿಗ್ರಿಗೆ ತುಸು ಕಡಿಮೆ ದೂರದಲ್ಲಿ. ಆದರೆ ಪ್ಯಾರಿಸ್ಸಿನ ಯೋಜನೆಯ ಉದ್ದೇಶ ಸ್ಥಾನ ನಿರ್ಣಯ. ಒಂದು ಭಾಗದ ಫಲಕ ಚೆನ್ನಾಗಿ ಬಂದರೆ ಅಲ್ಲಿಗೆ ಅದರ ಕೆಲಸ ಮುಗಿಯಿತು, ಮುಂದಿನ ಭಾಗಕ್ಕೆ ಹೊರಡಬೇಕು. ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಹೀಗೆ ಹೇಳಬಹುದು. ಒಂದು ಸಲದ ಸರ್ವೆಯಿಂದ ನಕ್ಷೆ ಸಿದ್ಧವಾಗುತ್ತದೆ. ಹೊಲ ಯಾರಿಂದ ಯಾರಿಗೆ ಹೋಯಿತು, ಯಾವ ವರ್ಷ ಜೋಳ, ಯಾವ ವರ್ಷ ಬೀಳು ಎಂಬುದು ತಿಳಿಯಬೇಕಾದರೆ ವರ್ಷ ವರ್ಷದ ಪಹಣಿ ಬೇಕು. ಹೈದರಾಬಾದ್ ತಯಾರಿಸಿದ್ದು ಆಕಾಶದ ನಕ್ಷೆ. ಚಂಚಲ ತಾರೆಗಳಿಗಾಗಿ ಭಾಸ್ಕರನ್ ಅವರು ಬೇರೆಯದೇ ದಾರಿ ಹಿಡಿದು, ೧೯೨೦ರ ದಶಕದಿಂದ ಹದಿನೈದು ಅಂಗುಲದ ಗ್ರಬ್ ದೂರದರ್ಶಕದಲ್ಲಿ ಅವುಗಳನ್ನು ಒಂದೊಂದಾಗಿ ಕಣ್ಣಿಟ್ಟು ನೋಡುವ ಕಾರ್ಯಕ್ರಮವನ್ನು ನಡೆಸಿದರು.

ಆಕಾಶದ ಪಹಣಿಯನ್ನು ಬರೆದವರು ಅಮೆರಿಕದ ಹಾರ್ವರ್ಡ್ ವೇಧಶಾಲೆಯವರು. ಎಡ್ವರ್ಡ್ ಪಿಕರಿಂಗ್ ಎಂಬ ನಿರ್ದೇಶಕ ೧೮೮೦ರ ದಶಕದಿಂದಲೇ ಉತ್ತರಕ್ಕೆ ಕೇಂಬ್ರಿಜ್‌ನಲ್ಲಿಯೂ ದಕ್ಷಿಣಕ್ಕೆ ಪೆರು ದೇಶದ ಅರೆಕೀಪದಲ್ಲಿಯೂ ಅಗಲ ನೋಟದ ಕ್ಯಾಮರಾಗಳನ್ನು ಇಟ್ಟು, ಅದೇ ಆಕಾಶವನ್ನು ಮತ್ತೆ ಮತ್ತೆ ಚಿತ್ರಿಸುವ ಪದ್ಧತಿಯನ್ನು ಹಾಕಿದ. ಆ ಫಲಕಗಳನ್ನು ಓದುತ್ತಿದ್ದವರು ಹೆಂಗಸರು. ಅವರಲ್ಲಿ ಹೆನ್ರಿಯೆಟ್ಟಾ ಲೆವಿಟ್ ಎಂಬಾಕೆ ಗಂಟೆಗೆ ೩೦ ಸೆಂಟ್ ಸಂಬಳದವಳು. ಗುಡ್ರಿಕ್‌ನ ಹಾಗೆ ಈಕೆಗೂ ಕಿವಿ ಮಂದ. ಒಂದು ರಾತ್ರಿಯ ಫಲಕದಿಂದ ಕಪ್ಪು ಬಿಳುಪು ಅದಲುಬದಲಾದ ಪ್ರತಿಯನ್ನು ತೆಗೆದು, ಇನ್ನೊಂದು ರಾತ್ರಿಯ ಫಲಕವನ್ನು ಅದರ ಮೇಲೆ ಕೂಡಿಸಿ ನೋಡುವುದು ಅವಳ ವಿಧಾನ. ಬದಲಾಗದ ನಕ್ಷತ್ರದ ಕಪ್ಪು ಬಿಳುಪಿಗೆ ಹೊಂದಿ ಕಳೆದುಹೋಗುತ್ತದೆ. ಬದಲಾದದ್ದು ಹೊಂದಿಕೊಳ್ಳದೆ ತನ್ನನ್ನು ತಾನೇ ತೋರಿಸಿಕೊಡುತ್ತದೆ. ಹೀಗೆ ೧೯೦೮ರಲ್ಲಿ ಮೆಗೆಲನ್ ಮೋಡಗಳಲ್ಲಿ ೧,೭೭೭ ಚಂಚಲ ತಾರೆಗಳನ್ನು ಅವಳು ಪಟ್ಟಿಮಾಡಿದಳು. ೧೯೧೨ರಲ್ಲಿ ಅವುಗಳಲ್ಲಿ ೨೫ನ್ನು ಆರಿಸಿ, ನಿಧಾನವಾಗಿ ಮಿಡಿಯುವ ತಾರೆ ಹೆಚ್ಚು ಪ್ರಕಾಶವುಳ್ಳದ್ದೆಂಬ ನಿಯಮವನ್ನು ತೋರಿಸಿದಳು. ಮಿಡಿತದ ಅವಧಿ ತಿಳಿದರೆ ನಿಜವಾದ ಪ್ರಕಾಶ ತಿಳಿಯುತ್ತದೆ, ಅದರಿಂದ ದೂರ ತಿಳಿಯುತ್ತದೆ. ಆಂಡ್ರೊಮಿಡಾ ಎಂಬ ಮಂಜಿನ ಚುಕ್ಕೆ ನಮ್ಮ ಆಕಾಶಗಂಗೆಗೆ ಹೊರತಾದ ಇನ್ನೊಂದು ನಕ್ಷತ್ರಲೋಕವೆಂದು ಹಬಲ್ ೧೯೨೦ರ ದಶಕದಲ್ಲಿ ಸಾಧಿಸಿದ್ದು ಇದೇ ಗಜಕೋಲಿನಿಂದ.

ಯು ಸ್ಕಾರ್ಪಿಯ ಉಳಿದ ಕಥೆಯೂ ಹಾರ್ವರ್ಡಿನ ಫಲಕಗಳಲ್ಲಿಯೇ ಅವಿತಿತ್ತು. ೧೯೪೦ರಲ್ಲಿ ಹೆಲೆನ್ ಥಾಮಸ್ ಎಂಬಾಕೆ ಹಳೆಯ ಫಲಕಗಳನ್ನು ಹುಡುಕಿ, ಆ ತಾರೆ ೧೯೦೬ರಲ್ಲಿಯೂ ೧೯೩೬ರಲ್ಲಿಯೂ ಭುಗಿಲೆದ್ದು ಆರಿತ್ತೆಂದು ಕಂಡಳು. ಆ ಎರಡು ಸಲವೂ ಲೋಕದಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಆರು ದಶಕಗಳ ಮೇಲೆ ಬ್ರಾಡ್ಲೆ ಶೇಫರ್ ಎಂಬ ಖಗೋಲಜ್ಞ ೧೯೧೭ ಮತ್ತು ೧೯೪೫ರ ಭುಗಿಲುಗಳನ್ನೂ ಹಳೆಯ ಫಲಕಗಳಲ್ಲಿ ಹುಡುಕಿ ತೆಗೆದ. ಹತ್ತು ವರ್ಷಕ್ಕೊಮ್ಮೆ ಎಂಬ ಲಯ ಗೊತ್ತಾಯಿತು. ಮುಂದಿನದು ೨೦೦೯ರ ಸುಮಾರಿಗೆ ಬರಬೇಕೆಂದು ಆತ ನುಡಿದ; ೨೦೧೦ರ ಜನವರಿ ೨೮ರಂದು ಬಂತು. ಕಾದು ಕುಳಿತು ಹಿಡಿದವರು ಅಮೆರಿಕದ ಇಬ್ಬರು ಹವ್ಯಾಸಿಗಳು. ೨೦೨೨ರ ಜೂನ್‌ನಲ್ಲಿ ಅದು ಮತ್ತೊಮ್ಮೆ ಭುಗಿಲೆದ್ದಿತು. ಪಂಡಿತರು ಇಂಥ ತಾರೆಯನ್ನು 'ಮರುಕಳಿಸುವ ನವ್ಯ' ಎನ್ನುತ್ತಾರೆ. ನಮ್ಮ ಸಾಹಿತ್ಯದ ನವ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಹೊಸದೆಂದು ಕಂಡದ್ದು ಹಳೆಯದರ ಮರುಕಳಿಕೆಯೆ ಎಂದು ಪರೀಕ್ಷಿಸಲು ದಫ್ತರ ಬೇಕೆಂಬ ಮಾತು ಮಾತ್ರ ಎರಡಕ್ಕೂ ಸಲ್ಲುತ್ತದೆ. ಸಾಯುತ್ತಿರುವ ಒಂದು ಪುಟ್ಟ ಬಿಳಿಯ ನಕ್ಷತ್ರ ತನ್ನ ಜೊತೆಗಾರನ ಅನಿಲವನ್ನು ಸೆಳೆದು ಮೈಮೇಲೆ ಹೊದ್ದುಕೊಳ್ಳುತ್ತದೆ. ಹೊದಿಕೆ ದಪ್ಪವಾದಾಗ ಹೊತ್ತಿ ಸಿಡಿಯುತ್ತದೆ. ಮತ್ತೆ ಸೆಳೆತ, ಮತ್ತೆ ಸಿಡಿತ.

ಹೈದರಾಬಾದಿಗೂ ಹಾರ್ವರ್ಡಿಗೂ ಒಂದು ಮಾನವ ಸೇತುವೆ ಇತ್ತು. ನಿಜಾಮಿಯಾದಲ್ಲಿ ಸಹಾಯಕರಾಗಿದ್ದ ಬಾಪು ಅವರ ಮಗ ವೇಣು ಬಾಪು ಅಲ್ಲಿಯೇ ಆಕಾಶ ನೋಡುತ್ತ ಬೆಳೆದ ಹುಡುಗ. ವಿದ್ಯಾರ್ಥಿಯಾಗಿದ್ದಾಗಲೇ ಚಂಚಲ ತಾರೆಗಳನ್ನು ಕುರಿತು ಲೇಖನ ಪ್ರಕಟಿಸಿದ. ಹೈದರಾಬಾದ್ ಸರಕಾರದ ವಿದ್ಯಾರ್ಥಿವೇತನ ಪಡೆದು ಹಾರ್ವರ್ಡಿಗೆ ಹೋದವನು ೧೯೪೯ರಲ್ಲಿ ಆಗತಾನೇ ತೆಗೆದ ಆಕಾಶ ಫಲಕವೊಂದರಲ್ಲಿ ಹೊಸ ಧೂಮಕೇತುವನ್ನು ಗುರುತಿಸಿದ. ಅದಕ್ಕೆ ಬಾಪು-ಬೋಕ್-ನ್ಯೂಕರ್ಕ್ ಎಂದು ಹೆಸರಾಯಿತು. ಸ್ವದೇಶಕ್ಕೆ ಮರಳಿ, ಕೊಡೈಕೆನಾಲಿನ ಹೊಣೆ ಹೊತ್ತು, ಕಾವಲೂರಿನ ವೇಧಶಾಲೆಯನ್ನು ಕಟ್ಟಿ, ಭಾರತೀಯ ಖಭೌತ ಸಂಸ್ಥೆಯನ್ನು ಬೆಂಗಳೂರಿನಲ್ಲಿ ನೆಲೆಗೊಳಿಸಿದ ಆ ಮಹನೀಯರು ೧೯೮೨ರಲ್ಲಿ ತೀರಿಕೊಂಡರು. ಅವರ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿಟ್ಟ ದೂರದರ್ಶಕವನ್ನು ಇಂದು ನಮ್ಮ ಹೊಸಕೋಟೆಯಲ್ಲಿ ಕುಳಿತು ತಿರುಗಿಸುತ್ತಾರೆ.

ಈಗ ಗಾಜಿನ ಫಲಕದ ಕಾಲ ಕಳೆದಿದೆ. ಬೆಳಕನ್ನು ವಿದ್ಯುತ್ತಾಗಿ ಎಣಿಸುವ ಸಾಧನ ಬಂದಿದೆ, ಹೋಲಿಸುವ ಕೆಲಸವನ್ನು ಗಣಕ ಮಾಡುತ್ತದೆ. ೧೯೯೭ರಲ್ಲಿ ಪೋಜ್ಮಾನ್‌ಸ್ಕಿ ಎಂಬ ಪೋಲೆಂಡಿನ ಖಗೋಲಜ್ಞ ಚಿಲಿಯ ಬೆಟ್ಟದ ಮೇಲೆ ಒಂದು ಚಿಕ್ಕ ಕ್ಯಾಮರಾ ಇಟ್ಟು ಆಕಾಶವನ್ನು ದಿನವೂ ಗುಡಿಸುವ ಕೆಲಸ ಆರಂಭಿಸಿದ. ಕೆಲವೇ ವರ್ಷಗಳಲ್ಲಿ ಸುಮಾರು ಐವತ್ತು ಸಾವಿರ ಚಂಚಲ ತಾರೆಗಳ ಪಟ್ಟಿ ಸಿದ್ಧವಾಯಿತು. ಅವುಗಳಲ್ಲಿ ಬಹುಪಾಲು ಅದುವರೆಗೆ ಯಾರೂ ಅರಿಯದವು. ಆಕಾಶದಲ್ಲಿ ನೆಲಸಿದ್ದ ಯುರೋಪಿನ ಗಾಯಾ ದೂರದರ್ಶಕದ ೨೦೨೨ರ ಪಟ್ಟಿಯಲ್ಲಿ ಅಂಥವುಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಚಿಲಿಯಲ್ಲಿ ಕಟ್ಟಿರುವ ವೇರಾ ರೂಬಿನ್ ವೇಧಶಾಲೆ ೨೦೨೫ರ ಜೂನ್‌ನಲ್ಲಿ ತನ್ನ ಮೊದಲ ಚಿತ್ರಗಳನ್ನು ತೋರಿಸಿತು. ಅದರ ಒಂದೊಂದು ಚಿತ್ರವೂ ನಲವತ್ತಕ್ಕಿಂತ ಹೆಚ್ಚು ಚಂದ್ರಬಿಂಬಗಳು ಹಿಡಿಸುವಷ್ಟು ಆಕಾಶವನ್ನು ಒಳಗೊಳ್ಳುತ್ತದೆ.

ಹೀಗಿದ್ದ ಮೇಲೆ ಬರಿಗಣ್ಣಿನವನಿಗೆ ಕೆಲಸವೇನು ಎಂದು ತಾವು ಕೇಳಬಹುದು. ಯಂತ್ರಕ್ಕೆ ಒಂದು ದೌರ್ಬಲ್ಯವಿದೆ. ಮಂಕು ನಕ್ಷತ್ರಕ್ಕೆಂದು ಹದಮಾಡಿದ ಅದರ ಕಣ್ಣು ಉಜ್ಜ್ವಲ ನಕ್ಷತ್ರವನ್ನು ಕಂಡರೆ ಕುಕ್ಕಿಹೋಗುತ್ತದೆ. ಹಗಲ ಬಿಸಿಲಿನಿಂದ ಒಳಮನೆಗೆ ಬಂದವನಿಗೆ ಕತ್ತಲೆ ಕವಿಯುವಂತೆ, ಒಳಮನೆಯವನಿಗೆ ಬಿಸಿಲು ಕವಿಯುವಂತೆ. ಮಹಾ ಸರ್ವೇಕ್ಷಣೆಗಳಿಗೆ ಆರಿದ್ರಾದಂಥ ನಕ್ಷತ್ರ ಬೆಳಕಿನ ಕಲೆ ಮಾತ್ರ. ಅದರ ಏರಿಳಿತವನ್ನು ಅವು ಅಳೆಯಲಾರವು. ೨೦೦೦ದಲ್ಲಿ ಅರ್ಜೆಂಟೀನಾದ ಸೆಬಾಸ್ಟಿಯನ್ ಒಟೆರೊ ಎಂಬ ಹವ್ಯಾಸಿ ಅನೂರಾಧೆಯ ನಡುವಣ ತಾರೆ ಹೆಚ್ಚು ಬೆಳಗುತ್ತಿರುವುದನ್ನು ಬರಿಗಣ್ಣಿನಿಂದಲೇ ಗುರುತಿಸಿದ. ಆ ತಾರೆಯೂ ಹೈದರಾಬಾದಿನ ಪಟ್ಟಿಯೊಳಗಿನದು. ಕೋಟಿ ತಾರೆಗಳ ಲೆಕ್ಕವಿಡುವ ಕಾಲದಲ್ಲಿಯೂ ನಮ್ಮ ಮಳೆನಕ್ಷತ್ರಗಳನ್ನು ಕಾಯುವ ಕೆಲಸ ಇನ್ನೂ ಮನುಷ್ಯರದು, ಸಣ್ಣ ಸಾಧನಗಳದು.

ಒಟೆರೊ ಬಳಸಿದ ವಿಧಾನ ಯಾವುದು? ಪಕ್ಕದ ನಕ್ಷತ್ರದೊಡನೆ ಹೋಲಿಸುವುದು. ಲೆವಿಟ್ ಮಾಡಿದ್ದೂ, ಗಣಕಗಳು ಇಂದು ಮಾಡುವುದೂ ಅದನ್ನೇ. ಗಾಳಿಯಲ್ಲಿ ಧೂಳು, ಮಂಜು, ತೆಳುಮೋಡ ಏನಿದ್ದರೂ ನೆರೆಹೊರೆಯ ನಕ್ಷತ್ರಗಳೆಲ್ಲವನ್ನೂ ಒಂದೇ ಪ್ರಮಾಣದಲ್ಲಿ ಮಂಕಾಗಿಸುತ್ತದೆ. ನೆರೆಯವು ಹಾಗೆಯೇ ಇದ್ದು ಒಂದೇ ಒಂದು ಮಂಕಾದರೆ ದೋಷ ಗಾಳಿಯದಲ್ಲ, ಬದಲಾದದ್ದು ನಕ್ಷತ್ರ. ಮಂಜು ಬಿದ್ದರೆ ರೋಹಿಣಿಗೂ ಬೀಳಬೇಕಲ್ಲವೇ ಎಂದು ಮುದುಕ ನನ್ನನ್ನು ಕೇಳಿದ್ದರ ಅರ್ಥ ಇದೇ. ಅವನ ಬಳಿ ಹೋಲಿಕೆಯೂ ಇತ್ತು, ಅರುವತ್ತು ಚಳಿಗಾಲಗಳ ಮರುನೋಟವೂ ಇತ್ತು. ಬರೆದಿಡುವ ಕೈಯೊಂದು ಇರಲಿಲ್ಲ. ಬರೆಯಬಲ್ಲ ಕೈ ಪಕ್ಕದಲ್ಲೇ ಕುಳಿತು ಸೀತನಿ ತಿನ್ನುತ್ತಿತ್ತು.

ಅಂದಿನಿಂದ ಒಂದು ಹಳೆಯ ಹಾಜರಿ ಪುಸ್ತಕವನ್ನು ಮಾಳಿಗೆಯ ಮೆಟ್ಟಿಲ ಬಳಿ ಇಟ್ಟಿದ್ದೇನೆ. ಕಾರ್ತಿಕದಿಂದ ಚೈತ್ರದವರೆಗೆ, ಬಾನು ತಿಳಿಯಾದ ರಾತ್ರಿಗಳಲ್ಲಿ, ಆರಿದ್ರಾ ರೋಹಿಣಿಗಿಂತ ಎಷ್ಟು ಹೆಚ್ಚು ಎಷ್ಟು ಕಡಿಮೆ ಎಂದು ತಾರೀಖು ಹಾಕಿ ಒಂದು ಸಾಲು ಬರೆಯುತ್ತೇನೆ. ಊರಿನ ದೀಪಗಳು ವರ್ಷ ವರ್ಷಕ್ಕೆ ಹೆಚ್ಚುತ್ತಿದ್ದು, ಚಿಕ್ಕ ನಕ್ಷತ್ರಗಳು ಒಂದೊಂದಾಗಿ ಕಣ್ಮರೆಯಾಗುತ್ತಿವೆ. ಆರಿದ್ರಾ ರೋಹಿಣಿಗಳು ಇನ್ನೂ ಕಾಣುತ್ತವೆ. ಪುಸ್ತಕದ ಮೊದಲ ಪುಟದಲ್ಲಿ ನಾನು ನೋಡದ ಒಂದು ನಮೂದು ಇದೆ: "೨೦೨೦, ಜನವರಿ. ರೋಹಿಣಿಗಿಂತ ಸಣ್ಣದು. ದೀಪಾವಳಿಗೆ ಮೊದಲು ಹೀಗಿರಲಿಲ್ಲ." ನೋಡಿದವರು ಎಂಬ ಅಂಕಣದಲ್ಲಿ ಮುದುಕನ ಹೆಸರು ಬರೆದಿದ್ದೇನೆ.

(ಆಕಾಶವಾಣಿಯ ಸೌಜನ್ಯದಿಂದ)